ಕೊರೊನಾ ಬಂದಾಗ ರಕ್ತದ ರಿಪೋರ್ಟ್ ಓದುವುದು ಹೇಗೆ? ಮಲೆನಾಡಿನ ಮನೆಗಳಿಗೊಂದು ಮಾರ್ಗದರ್ಶಿ

2021ರ ಮೇ ತಿಂಗಳು, ರಾತ್ರಿ ಒಂಬತ್ತೂವರೆ ಆಗಿತ್ತು. ಹೊಸನಗರದ ಕಡೆ ಇರುವ ನಮ್ಮ ಮಾವ ಫೋನ್ ಮಾಡಿದರು. ಅವರ ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಮನೆ ಹಿಂದಿನ ಗುಡ್ಡ ಹತ್ತಿ ನಿಂತು ಮಾತಾಡಬೇಕು.

"ತಮ್ಮಾ, ಡಿ-ಡೈಮರ್ 620 ಬಂದಿದೆ. ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ. ರಕ್ತ ಹೆಪ್ಪುಗಟ್ಟಿದೆ ಅಂತ ಅಲ್ವಾ?"

"ಮಾವ, ರಿಪೋರ್ಟ್ ಆಮೇಲೆ ನೋಡೋಣ. ಇವತ್ತಿಗೆ ಎಷ್ಟನೇ ದಿನ? ಆಕ್ಸಿಜನ್ ಎಷ್ಟಿದೆ?"

"ಹನ್ನೊಂದನೇ ದಿನ. ಜ್ವರ ಬಿಟ್ಟು ನಾಲ್ಕು ದಿನ ಆಯ್ತು. ಆಕ್ಸಿಜನ್ 97."

ಅವರಿಗೆ ಆಗ 68 ವರ್ಷ. ಗುಡ್ಡ ಹತ್ತಿ ಬಂದಿದ್ದರೂ ಮಾತಿನ ಮಧ್ಯೆ ಒಮ್ಮೆಯೂ ಏದುಸಿರು ಬಿಡಲಿಲ್ಲ. ಅಷ್ಟು ಕೇಳಿದ ಮೇಲೆ ನನಗೆ ಅರ್ಧ ಧೈರ್ಯ ಬಂತು. ಬೆಳಿಗ್ಗೆ ಡಾಕ್ಟರಿಗೆ ತೋರಿಸಿದರು, ಹೊಸ ಮಾತ್ರೆ ಏನೂ ಬೇಕಾಗಲಿಲ್ಲ.

ಅದೇ ವಾರ ತೀರ್ಥಹಳ್ಳಿ ಕಡೆಯ ಪರಿಚಯದವರೊಬ್ಬರು, 46 ವರ್ಷ, ಜ್ವರ ಬಂದ ಎರಡನೇ ದಿನವೇ ಎಲ್ಲ ಟೆಸ್ಟ್ ಮಾಡಿಸಿದರು. ಎಲ್ಲ ನಾರ್ಮಲ್. ಮನೆಯವರೆಲ್ಲ ನಿರಾಳವಾದರು. ಆಮೇಲೆ ಯಾರೂ ಅವರ ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡಲಿಲ್ಲ. ಎಂಟನೇ ದಿನ ಬಚ್ಚಲಿಗೆ ಹೋಗಿ ಬರುವಾಗ ಗೋಡೆ ಹಿಡಿದು ನಿಂತುಬಿಟ್ಟರು, ನೋಡಿದರೆ ಆಕ್ಸಿಜನ್ 88. ಎರಡು ವಾರ ಆಸ್ಪತ್ರೆಯಲ್ಲಿದ್ದು ಉಳಿದುಕೊಂಡರು.

ನಾನು ಲ್ಯಾಬ್ ಟೆಕ್ನಿಷಿಯನ್. ಔಷಧ ಹೇಳುವುದು ಡಾಕ್ಟರ ಕೆಲಸ, ಅದಕ್ಕೆ ನಾನು ಕೈ ಹಾಕುವುದಿಲ್ಲ. ಆದರೆ ರಕ್ತ ತೆಗೆಯುವುದು, ಮಷೀನಿಗೆ ಹಾಕುವುದು, ರಿಪೋರ್ಟ್ ಕೈಗೆ ಬಂದಾಗ ಜನರ ಮುಖ ನೋಡುವುದು ಇಷ್ಟು ವರ್ಷದಿಂದ ಮಾಡಿದ್ದೇನೆ. ಅದರಿಂದ ಕಲಿತದ್ದು ಒಂದೇ ಮಾತು: ರಿಪೋರ್ಟಿನ ಒಂದು ಸಂಖ್ಯೆಯನ್ನು ಹಿಡಿದು ಹೆದರಬೇಡಿ, ಒಂದು ಸಂಖ್ಯೆಯನ್ನು ನಂಬಿ ಮಲಗಲೂ ಬೇಡಿ. ಇವತ್ತು ಎಷ್ಟನೇ ದಿನ, ಆಕ್ಸಿಜನ್ ಎಷ್ಟು, ಹಿಂದಿನ ರಿಪೋರ್ಟಿನಲ್ಲಿ ಇದೇ ಸಂಖ್ಯೆ ಎಷ್ಟಿತ್ತು, ಈ ಮೂರನ್ನೂ ಪಕ್ಕದಲ್ಲಿ ಇಟ್ಟುಕೊಂಡು ಓದಿ. ದೊಡ್ಡವರಿಗೆ, ಅಂದರೆ 18 ವರ್ಷ ದಾಟಿದವರಿಗೆ ಅನ್ವಯಿಸುವ ಮಾತು ಇದು. ಮಕ್ಕಳ ಲೆಕ್ಕ ಬೇರೆ.

ಮೊದಲು ದಿನ ಎಣಿಸಿ

ಗಂಟಲು ಕೆರೆತವೋ ಮೈಕೈ ನೋವೋ ಜ್ವರವೋ, ಯಾವುದು ಮೊದಲು ಶುರುವಾಯಿತೋ ಆ ದಿನವೇ ಒಂದನೇ ದಿನ. ಟೆಸ್ಟ್ ಪಾಸಿಟಿವ್ ಬಂದ ದಿನ ಅಲ್ಲ. ಬಹಳ ಜನ ಇಲ್ಲೇ ತಪ್ಪುತ್ತಾರೆ. ಹಳ್ಳಿಯಿಂದ ಬಂದು ಸ್ಯಾಂಪಲ್ ಕೊಟ್ಟು ರಿಪೋರ್ಟ್ ಸಿಗುವಷ್ಟರಲ್ಲಿ ನಾಲ್ಕು ದಿನ ಕಳೆದಿರುತ್ತದೆ, ಅವರು ಅಲ್ಲಿಂದ ಎಣಿಸಲು ಶುರು ಮಾಡುತ್ತಾರೆ, ಆಗ ನಿಜವಾದ ಎಂಟನೇ ದಿನ ಅವರ ಲೆಕ್ಕದಲ್ಲಿ ನಾಲ್ಕನೇ ದಿನ ಆಗಿರುತ್ತದೆ.

ದಿನಕ್ಕೆ ಇಷ್ಟು ಮಹತ್ವ ಯಾಕೆ ಅಂದರೆ, ಮೊದಲ ಐದಾರು ದಿನ ವೈರಸ್ಸಿನ ಆಟ. ಆಗ ರಕ್ತದಲ್ಲಿ ಅಂಥ ದೊಡ್ಡ ಬದಲಾವಣೆ ಕಾಣದೇ ಇರಬಹುದು. ಕೆಲವರಿಗೆ ಆರೇಳು ದಿನದಿಂದ ಹತ್ತು ಹನ್ನೆರಡು ದಿನದ ಒಳಗೆ ದೇಹದ ರಕ್ಷಣಾ ಶಕ್ತಿಯೇ ಮಿತಿ ಮೀರಿ ಉರಿಯೂತ ಶುರುವಾಗುತ್ತದೆ. ಶ್ವಾಸಕೋಶಕ್ಕೆ ಪೆಟ್ಟು ಬೀಳುವುದು, ರಿಪೋರ್ಟ್ ಏರುಪೇರಾಗುವುದು ಆಗ. ಆದ್ದರಿಂದ ಎರಡನೇ ದಿನದ ನಾರ್ಮಲ್ ರಿಪೋರ್ಟ್ ಎಂಟನೇ ದಿನಕ್ಕೆ ಗ್ಯಾರಂಟಿ ಕೊಡುವುದಿಲ್ಲ.

ನಮ್ಮ ಮಾವ ಅಡಿಕೆ ಲೆಕ್ಕದ ಪುಸ್ತಕದ ಕೊನೆ ಹಾಳೆಯಲ್ಲಿ ಗೆರೆ ಹಾಕಿಕೊಂಡಿದ್ದರು. ತಾರೀಕು, ಎಷ್ಟನೇ ದಿನ, ಬೆಳಿಗ್ಗೆ ಜ್ವರ, ಸಂಜೆ ಜ್ವರ, ಆಕ್ಸಿಜನ್, ಟೆಸ್ಟ್ ಮಾಡಿಸಿದ್ದರೆ ಅದರ ಸಂಖ್ಯೆ. ನೀವೂ ಹಾಗೇ ಮಾಡಿ. ಆ ಹಾಳೆಯ ಫೋಟೋ ಒಂದು ಕಳಿಸಿದರೆ ಡಾಕ್ಟರಿಗೆ ಅರ್ಧ ಕೆಲಸ ಕಡಿಮೆ.

ಎಲ್ಲರಿಗೂ ರಕ್ತ ಪರೀಕ್ಷೆ ಬೇಕಾ?

ಬೇಡ. ಇದನ್ನು ಲ್ಯಾಬಿನವನಾಗಿಯೇ ಹೇಳುತ್ತಿದ್ದೇನೆ. ವಯಸ್ಸು 60ರ ಒಳಗಿದ್ದು, ಬೇರೆ ಕಾಯಿಲೆ ಇಲ್ಲದೆ, ಆಕ್ಸಿಜನ್ 95 ಮೇಲಿದ್ದು, ಮೂರ್ನಾಲ್ಕು ದಿನಕ್ಕೆ ಜ್ವರ ಇಳಿಯುತ್ತಿದ್ದರೆ ಸುಮ್ನೆ ಸಾವಿರಾರು ರೂಪಾಯಿ ಪ್ಯಾಕೇಜಿಗೆ ಸುರಿಯುವುದು ಬೇಡ. ಸಕ್ಕರೆ ಕಾಯಿಲೆ, ಬಿಪಿ, ಹೃದಯ, ಕಿಡ್ನಿ, ಶ್ವಾಸಕೋಶದ ತೊಂದರೆ ಇರುವವರು, ತುಂಬಾ ದಪ್ಪ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ವಯಸ್ಸಾದವರು, ಐದು ದಿನ ಕಳೆದರೂ ಜ್ವರ ಬಿಡದವರು, ಆಕ್ಸಿಜನ್ ಇಳಿಯುತ್ತಿರುವವರು: ಇವರಿಗೆ ಡಾಕ್ಟರು ಬರೆದುಕೊಡುತ್ತಾರೆ, ಇವರು ಮಾಡಿಸಬೇಕು.

ಇನ್ನೊಂದು ವಿಷಯ. ಇಲ್ಲಿ ಹೇಳುವ ಯಾವ ಟೆಸ್ಟೂ ಕೊರೊನಾ ಇದೆಯೋ ಇಲ್ಲವೋ ಅಂತ ಹೇಳುವುದಿಲ್ಲ. ಅದಕ್ಕೆ ಮೂಗು ಗಂಟಲಿನ ಆರ್‌ಟಿ-ಪಿಸಿಆರ್ ಅಥವಾ ಆಂಟಿಜೆನ್ ಪರೀಕ್ಷೆಯೇ ಬೇಕು. ರಕ್ತ ಹೇಳುವುದು ದೇಹ ಅದನ್ನು ಹೇಗೆ ತಡೆದುಕೊಳ್ಳುತ್ತಿದೆ ಅನ್ನುವುದನ್ನು ಮಾತ್ರ.

ರಕ್ತ ಕೊಡುವಾಗ ಕಣ್ಣಿಟ್ಟು ನೋಡಿ

ಸಾಮಾನ್ಯವಾಗಿ ಮೂರು ಟ್ಯೂಬ್ ತುಂಬಿಸುತ್ತೇವೆ. ನೇರಳೆ ಮುಚ್ಚಳದ್ದು ಸಿಬಿಸಿಗೆ, ಅಂದರೆ ರಕ್ತಕಣಗಳ ಎಣಿಕೆಗೆ. ತಿಳಿ ನೀಲಿ ಮುಚ್ಚಳದ್ದು ಡಿ-ಡೈಮರ್‌ಗೆ. ಕೆಂಪು ಅಥವಾ ಹಳದಿ ಮುಚ್ಚಳದ್ದು ಸಿಆರ್‌ಪಿ, ಫೆರಿಟಿನ್, ಎಲ್‌ಡಿಎಚ್, ಲಿವರ್, ಕಿಡ್ನಿ ಪರೀಕ್ಷೆಗೆ. ನೀಲಿ ಟ್ಯೂಬಿನಲ್ಲಿ ಗುರುತಿನ ಗೆರೆಯವರೆಗೆ ರಕ್ತ ಬರಲೇಬೇಕು, ಯಾಕೆಂದರೆ ಅದರೊಳಗೆ ಹೆಪ್ಪುಗಟ್ಟದಂತೆ ತಡೆಯುವ ದ್ರವ ಅಳತೆ ಮಾಡಿ ಹಾಕಿರುತ್ತಾರೆ, ರಕ್ತ ಕಡಿಮೆಯಾದರೆ ಲೆಕ್ಕ ಕೆಡುತ್ತದೆ.

ಮಲೆನಾಡಿನಲ್ಲಿ ಮನೆಗೆ ಬಂದು ತೆಗೆದ ರಕ್ತ ಬೈಕಿನಲ್ಲಿ, ಬಸ್ಸಿನಲ್ಲಿ ಕುಲುಕುತ್ತಾ ಪೇಟೆ ಸೇರುತ್ತದೆ. ಕಷ್ಟಪಟ್ಟು ಎಳೆದ ರಕ್ತ, ಜೋರಾಗಿ ಅಲ್ಲಾಡಿದ ರಕ್ತದಲ್ಲಿ ಕೆಂಪು ಕಣಗಳು ಒಡೆಯುತ್ತವೆ. ಮಷೀನಿನಲ್ಲಿ ತಿರುಗಿಸಿ ತೆಗೆದ ಮೇಲೆ ಟ್ಯೂಬಿನ ಮೇಲ್ಭಾಗದ ನೀರು ತಿಳಿ ಹಳದಿ ಇರಬೇಕು. ಅದು ಮುರುಗಲು ಹಣ್ಣಿನ ಪಾನಕದ ಬಣ್ಣಕ್ಕೆ ತಿರುಗಿದ್ದರೆ ಆ ಸ್ಯಾಂಪಲ್ ಕೆಟ್ಟಿದೆ ಅಂತಲೇ ಅರ್ಥ. ಅದರಲ್ಲಿ ಎಲ್‌ಡಿಎಚ್, ಪೊಟ್ಯಾಷಿಯಂ ಇಲ್ಲದ ಏರಿಕೆ ತೋರಿಸುತ್ತವೆ. ರಿಪೋರ್ಟಿನ ಕೆಳಗೆ ಹಿಮೋಲೈಸ್ಡ್ ಅಂತ ಬರೆದಿದ್ದರೆ ಆ ಸಂಖ್ಯೆ ನಂಬಬೇಡಿ, ಮತ್ತೆ ರಕ್ತ ಕೊಡಿ.

ಸಿಬಿಸಿ: ಇಲ್ಲಿಂದಲೇ ಶುರು ಮಾಡಿ

ಖರ್ಚು ಕಡಿಮೆ, ಸಣ್ಣ ಪೇಟೆಯಲ್ಲೂ ಸಿಗುತ್ತದೆ, ಮಾಹಿತಿ ಮಾತ್ರ ಜಾಸ್ತಿ. ಜನ ಒಟ್ಟು ಬಿಳಿ ರಕ್ತಕಣ ನೋಡಿ ಪುಟ ತಿರುಗಿಸುತ್ತಾರೆ. ಕೊರೊನಾದಲ್ಲಿ ಮುಖ್ಯವಾಗಿ ನೋಡಬೇಕಾದ್ದು ಅದರೊಳಗಿನ ಲಿಂಫೋಸೈಟ್. ವೈರಸ್ ವಿರುದ್ಧ ಹೋರಾಡುವ ಕಣಗಳು ಇವು. ಕಾಯಿಲೆ ಜೋರಾದವರಲ್ಲಿ ಇವು ರಕ್ತದಲ್ಲಿ ಕಡಿಮೆಯಾಗುತ್ತವೆ.

ರಿಪೋರ್ಟಿನಲ್ಲಿ ಶೇಕಡಾವಾರು ಕೊಟ್ಟಿರುತ್ತಾರೆ. ನಿಜವಾದ ಸಂಖ್ಯೆ ನೀವೇ ಲೆಕ್ಕ ಹಾಕಬಹುದು. ಒಟ್ಟು ಬಿಳಿ ಕಣ 4,200, ಲಿಂಫೋಸೈಟ್ ಶೇ. 14 ಅಂತಿದೆ ಅಂದುಕೊಳ್ಳಿ. 4,200 ಅನ್ನು 14ರಿಂದ ಗುಣಿಸಿ 100ರಿಂದ ಭಾಗಿಸಿ, 588 ಬರುತ್ತದೆ. ದೊಡ್ಡವರಲ್ಲಿ ಇದು 1,000ಕ್ಕಿಂತ ಮೇಲಿರಬೇಕು. 588 ಅಂದರೆ ಚೆನ್ನಾಗಿಯೇ ಇಳಿದಿದೆ. ಇಲ್ಲಿ ಒಟ್ಟು ಬಿಳಿ ಕಣ 4,200 ನಾರ್ಮಲ್ ಪಟ್ಟಿಯೊಳಗೇ ಇದೆ ನೋಡಿ, ಅದೊಂದನ್ನೇ ನೋಡಿದ್ದರೆ ವಿಷಯ ತಪ್ಪಿಹೋಗುತ್ತಿತ್ತು.

ಇನ್ನೊಂದು ಲೆಕ್ಕ ಇದೆ. ನ್ಯೂಟ್ರೋಫಿಲ್ ಅನ್ನುವ ಇನ್ನೊಂದು ಬಗೆಯ ಬಿಳಿ ಕಣದ ಶೇಕಡಾವಾರನ್ನು ಲಿಂಫೋಸೈಟ್ ಶೇಕಡಾವಾರಿನಿಂದ ಭಾಗಿಸುವುದು. 78 ಮತ್ತು 14 ಇದ್ದರೆ 5.6. ಇದನ್ನು ಎನ್‌ಎಲ್‌ಆರ್ ಅನ್ನುತ್ತಾರೆ. 3.5 ದಾಟಿದರೆ ಎರಡನೇ ಅಲೆಯ ಹೊತ್ತಿನಲ್ಲಿ ಡಾಕ್ಟರುಗಳು ಆ ರೋಗಿಯ ಮೇಲೆ ಹೆಚ್ಚು ನಿಗಾ ಇಡುತ್ತಿದ್ದರು. ಒಂದು ದಿನ 3, ಎರಡು ದಿನ ಬಿಟ್ಟು 5, ಮತ್ತೆ 8 ಅಂತ ಏರುತ್ತಾ ಹೋದರೆ ಆಕ್ಸಿಜನ್ ಚೆನ್ನಾಗಿದ್ದರೂ ಡಾಕ್ಟರಿಗೆ ತಿಳಿಸಿ. ಲಿಂಫೋಸೈಟ್ ಮೇಲಕ್ಕೆ ಬರಲು ಶುರುವಾದರೆ ಒಳ್ಳೆಯ ಸೂಚನೆ.

ಇಯೋಸಿನೋಫಿಲ್ ಅನ್ನುವ ಬಿಳಿ ಕಣ 0 ಅಂತ ಬಂದರೆ ಗಾಬರಿ ಬೇಡ, ಕಾಯಿಲೆ ಇರುವಾಗ ಅದು ಹಾಗಾಗುವುದುಂಟು. ಪ್ಲೇಟ್‌ಲೆಟ್ ಕೊರೊನಾದಲ್ಲಿ ಸ್ವಲ್ಪ ಇಳಿಯಬಹುದು, 1,20,000 ಹೀಗೆ. ಅದು ತುಂಬಾ ಕೆಳಗಿಳಿದರೆ ಬೇರೆ ಜ್ವರ ಇದೆಯಾ ಅಂತ ಯೋಚಿಸಬೇಕು, ಆ ಮಾತಿಗೆ ಮುಂದೆ ಬರುತ್ತೇನೆ.

ಸಿಆರ್‌ಪಿ

ಲಿವರ್ ತಯಾರಿಸುವ ಒಂದು ಪ್ರೋಟೀನ್. ಮೈಯಲ್ಲಿ ಎಲ್ಲೇ ಉರಿಯೂತವಾದರೂ ಕೆಲವೇ ಗಂಟೆಗಳಲ್ಲಿ ಏರುತ್ತದೆ. ಹಲ್ಲಿನ ಬುಡ ಬಾತುಕೊಂಡರೂ ಏರುತ್ತದೆ, ಹಾಗಾಗಿ ಏರಿದ್ದೆಲ್ಲ ಕೊರೊನಾದ್ದೇ ಅಂತ ತಿಳಿಯಬಾರದು.

ಮೊದಲು ನೋಡಬೇಕಾದ್ದು ಅಳತೆ. ಕೆಲವು ಲ್ಯಾಬ್ ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ ಕೊಡುತ್ತವೆ, ಕೆಲವು ಡೆಸಿಲೀಟರಿಗೆ ಕೊಡುತ್ತವೆ. ಎರಡಕ್ಕೂ ಹತ್ತು ಪಟ್ಟು ವ್ಯತ್ಯಾಸ. ಲೀಟರ್ ಲೆಕ್ಕದ 48, ಡೆಸಿಲೀಟರ್ ಲೆಕ್ಕದಲ್ಲಿ 4.8. ತೀರ್ಥಹಳ್ಳಿಯಲ್ಲಿ ಒಂದು ಸಲ, ಶಿವಮೊಗ್ಗದಲ್ಲಿ ಇನ್ನೊಂದು ಸಲ ಮಾಡಿಸಿದವರು 4.8ರಿಂದ 30ಕ್ಕೆ ಏರಿತು ಅಂತ ಅಳುತ್ತಾ ಬಂದದ್ದಿದೆ. ನಿಜಕ್ಕೂ ಅದು 48ರಿಂದ 30ಕ್ಕೆ ಇಳಿದಿತ್ತು. ಸಾಧ್ಯವಾದರೆ ಎಲ್ಲ ಸಲವೂ ಒಂದೇ ಲ್ಯಾಬಿನಲ್ಲಿ ಮಾಡಿಸಿ.

ಲೀಟರ್ ಲೆಕ್ಕದಲ್ಲಿ, ಲ್ಯಾಬಿಗೆ ತಕ್ಕಂತೆ, 5 ಅಥವಾ 10ಕ್ಕಿಂತ ಕೆಳಗಿದ್ದರೆ ಸರಿ ಅನ್ನುತ್ತಾರೆ. ಕೊರೊನಾ ಸೌಮ್ಯವಾಗಿದ್ದರೂ 20, 30 ಆಗಬಹುದು. 100ರ ಹತ್ತಿರ ಹೋದರೆ ಮನೆಯಲ್ಲಿ ಕೂರುವ ಮಾತೇ ಇಲ್ಲ. ಉರಿಯೂತ ನಿಂತ ಮೇಲೆ ಸಿಆರ್‌ಪಿ ಹೆಚ್ಚುಕಡಿಮೆ 19 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ, ಆದ್ದರಿಂದ ಎರಡು ಮೂರು ದಿನ ಬಿಟ್ಟು ಮಾಡಿಸಿದರೆ ಇಳಿಮುಖ ಸ್ಪಷ್ಟವಾಗಿ ಕಾಣುತ್ತದೆ. ದಿನವೂ ಮಾಡಿಸಬೇಕಾಗಿಲ್ಲ.

ಡಿ-ಡೈಮರ್: ಜನ ಅತಿ ಹೆಚ್ಚು ಹೆದರುವುದು ಇದಕ್ಕೇ

ರಕ್ತದಲ್ಲಿ ಹೆಪ್ಪು ಕಟ್ಟಿ, ದೇಹವೇ ಅದನ್ನು ಕರಗಿಸಿದಾಗ ಉಳಿಯುವ ಚೂರು ಇದು. ಕೊರೊನಾದಲ್ಲಿ ರಕ್ತನಾಳದ ಒಳಪದರಕ್ಕೆ ಪೆಟ್ಟು ಬಿದ್ದು ಸಣ್ಣ ಸಣ್ಣ ಹೆಪ್ಪು ಕಟ್ಟುವುದುಂಟು, ಅದಕ್ಕೆ ಏರುತ್ತದೆ. ಆದರೆ ವಯಸ್ಸಾದವರಲ್ಲಿ, ಗರ್ಭಿಣಿಯರಲ್ಲಿ, ಆಪರೇಷನ್ ಆದವರಲ್ಲಿ, ಬೇರೆ ಸೋಂಕಿನಲ್ಲೂ ಏರುತ್ತದೆ.

ಇಲ್ಲೂ ಅಳತೆಯದೇ ತೊಂದರೆ. 0.62 ಮತ್ತು 620 ಒಂದೇ ಆಗಿರಬಹುದು, ಒಂದು ಮೈಕ್ರೋಗ್ರಾಂ, ಇನ್ನೊಂದು ನ್ಯಾನೋಗ್ರಾಂ. ಅದರ ಮೇಲೆ ಎಫ್‌ಇಯು, ಡಿಡಿಯು ಅಂತ ಎರಡು ಪದ್ಧತಿ ಬೇರೆ. ಎಫ್‌ಇಯು ಸಂಖ್ಯೆ ಡಿಡಿಯುಗಿಂತ ಸುಮಾರು ಎರಡು ಪಟ್ಟು. ಎಫ್‌ಇಯು ಪದ್ಧತಿಯಲ್ಲಿ 500 ನ್ಯಾನೋಗ್ರಾಂ ಒಳಗೆ ಇದ್ದರೆ ನಾರ್ಮಲ್.

ವಯಸ್ಸು 50 ದಾಟಿದವರಲ್ಲಿ ಈ ಗಡಿಯೂ ಸ್ವಲ್ಪ ಸರಿಯುತ್ತದೆ. ಕಾಲಿನಲ್ಲೋ ಶ್ವಾಸಕೋಶದಲ್ಲೋ ಹೆಪ್ಪು ಇದೆಯಾ ಅಂತ ಯೋಚಿಸುವಾಗ ಡಾಕ್ಟರುಗಳು ವಯಸ್ಸನ್ನು 10ರಿಂದ ಗುಣಿಸಿ ನೋಡುತ್ತಾರೆ. ಮಾವನಿಗೆ 68, ಅಂದರೆ ಗಡಿ 680. ಅವರ 620 ಅದರೊಳಗೇ ಇತ್ತು, ಕಾಲು ಊದಿರಲಿಲ್ಲ, ಎದೆ ನೋವು ಇರಲಿಲ್ಲ, ಆಕ್ಸಿಜನ್ ಚೆನ್ನಾಗಿತ್ತು. ಲ್ಯಾಬಿನ ಕಂಪ್ಯೂಟರಿಗೆ ಇದ್ಯಾವುದೂ ಗೊತ್ತಿಲ್ಲ, 500 ದಾಟಿದ್ದಕ್ಕೆ ದಪ್ಪ ಅಕ್ಷರ ಹಾಕಿತು.

ಡಿ-ಡೈಮರ್ ನಾಲ್ಕೈದು ಪಟ್ಟು ಏರಿದರೆ, ಅಥವಾ ಎರಡು ದಿನದಲ್ಲಿ ದುಪ್ಪಟ್ಟಾದರೆ ತಡ ಮಾಡಬೇಡಿ. ಆದರೆ ದಯವಿಟ್ಟು, ಪಕ್ಕದ ಮನೆಯವರಿಗೆ ಬರೆದುಕೊಟ್ಟಿದ್ದ ರಕ್ತ ತೆಳು ಮಾಡುವ ಮಾತ್ರೆಯನ್ನು ನೀವೇ ತಂದು ನುಂಗಬೇಡಿ. ಒಳಗೆ ಡೆಂಗೆಯೋ ಮಂಗನ ಕಾಯಿಲೆಯೋ ಇದ್ದರೆ ಆ ಮಾತ್ರೆ ರಕ್ತಸ್ರಾವಕ್ಕೆ ದಾರಿ ಮಾಡುತ್ತದೆ.

ಉಳಿದವು ಚುಟುಕಾಗಿ

ಫೆರಿಟಿನ್ ಕಬ್ಬಿಣದ ಅಂಶ ಕೂಡಿಡುವ ಪ್ರೋಟೀನ್, ಉರಿಯೂತದಲ್ಲಿ ಏರುತ್ತದೆ. ಎಲ್‌ಡಿಎಚ್ ಜೀವಕೋಶ ಒಡೆದಾಗ ಹೊರಬರುವುದು, ಶ್ವಾಸಕೋಶಕ್ಕೆ ಪೆಟ್ಟಾದರೆ ಏರುತ್ತದೆ, ಸ್ಯಾಂಪಲ್ ಕೆಟ್ಟರೂ ಏರುತ್ತದೆ. ಲಿವರ್ ಪರೀಕ್ಷೆಯ ಎಎಸ್‌ಟಿ, ಎಎಲ್‌ಟಿ ಸ್ವಲ್ಪ ಏರುವುದು ಸಾಮಾನ್ಯ, ಬಹುಪಾಲು ತಾನಾಗಿ ಇಳಿಯುತ್ತದೆ. ಕ್ರಿಯಾಟಿನಿನ್ ಏರಿದರೆ ಕಿಡ್ನಿಗೆ ತೊಂದರೆ ಅಂತ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಟ್ರೋಪೋನಿನ್ ಹೃದಯದ್ದು, ಅದು ಏರಿದ್ದರೆ ಆಸ್ಪತ್ರೆಯೇ ಸರಿ. ಪ್ರೊಕ್ಯಾಲ್ಸಿಟೋನಿನ್ ಬರೀ ವೈರಸ್ ಇದ್ದಾಗ ಸಾಮಾನ್ಯವಾಗಿ ಏರುವುದಿಲ್ಲ. ಏರಿದ್ದರೆ ಬ್ಯಾಕ್ಟೀರಿಯಾ ಸೋಂಕೂ ಸೇರಿದೆಯಾ ಅಂತ ಡಾಕ್ಟರು ನೋಡುತ್ತಾರೆ.

ಸಕ್ಕರೆಯ ಬಗ್ಗೆ ಮಾತ್ರ ಒಂದು ಮಾತು ಹೆಚ್ಚು ಹೇಳಬೇಕು. ಕೊರೊನಾದಲ್ಲಿ ಸಕ್ಕರೆ ತಾನಾಗೇ ಏರುತ್ತದೆ, ಸ್ಟಿರಾಯ್ಡ್ ಕೊಟ್ಟರೆ ಮತ್ತೂ ಏರುತ್ತದೆ. 2021ರಲ್ಲಿ ಕಪ್ಪು ಶಿಲೀಂಧ್ರ ಅಂತ ಎಷ್ಟು ಜನ ಕಣ್ಣು ಕಳೆದುಕೊಂಡರು, ನೆನಪಿರಬೇಕಲ್ಲ? ಹತೋಟಿ ತಪ್ಪಿದ ಸಕ್ಕರೆ, ಅದರ ಮೇಲೆ ಸ್ಟಿರಾಯ್ಡ್, ಇವೆರಡೂ ಅದಕ್ಕೆ ದೊಡ್ಡ ಕಾರಣಗಳು. ಸ್ಟಿರಾಯ್ಡ್ ಶುರುವಾದರೆ ಮನೆಯಲ್ಲಿ ಗ್ಲೂಕೋಮೀಟರ್ ಇಟ್ಟುಕೊಂಡು ಊಟಕ್ಕೆ ಮುಂಚೆ, ಊಟ ಆಗಿ ಎರಡು ಗಂಟೆಗೆ ನೋಡಿ.

ಸ್ಟಿರಾಯ್ಡ್ ರಿಪೋರ್ಟನ್ನೂ ಬದಲಾಯಿಸುತ್ತದೆ. ಬಿಳಿ ರಕ್ತಕಣ, ನ್ಯೂಟ್ರೋಫಿಲ್ ಏರುತ್ತವೆ, ಲಿಂಫೋಸೈಟ್ ಇಳಿಯುತ್ತದೆ, ಸಿಆರ್‌ಪಿಯೂ ಇಳಿಯುತ್ತದೆ. ಹಾಗಾಗಿ ಮಾತ್ರೆ ಯಾವತ್ತು ಶುರುವಾಯಿತು ಅನ್ನುವುದನ್ನು ಹಾಳೆಯಲ್ಲಿ ಬರೆಯಿರಿ. 2020ರಲ್ಲಿ ಬ್ರಿಟನ್ನಿನ ರಿಕವರಿ ಅಧ್ಯಯನ ತೋರಿಸಿದ್ದು ಇದನ್ನೇ: ಡೆಕ್ಸಾಮೆಥಸೋನ್ ಅನ್ನುವ ಸ್ಟಿರಾಯ್ಡ್ ಆಕ್ಸಿಜನ್ ಬೇಕಾದ ರೋಗಿಗಳ ಜೀವ ಉಳಿಸಿತು, ಆಕ್ಸಿಜನ್ ಬೇಡದವರಿಗೆ ಅದರಿಂದ ಲಾಭ ಕಾಣಲಿಲ್ಲ. ಸಿಆರ್‌ಪಿ 25 ಬಂತು ಅಂತ ಮೆಡಿಕಲ್ ಶಾಪಿನಿಂದ ಸ್ಟಿರಾಯ್ಡ್ ತರಬೇಡಿ.

ನಮ್ಮ ಊರಿನ ಜ್ವರ ಬೇರೆಯೂ ಇರಬಹುದು

ಬೇರೆ ಊರಿನವರ ಲೇಖನಗಳಲ್ಲಿ ಇದು ಸಿಗುವುದಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಪಟ್ಟ ಕಷ್ಟ ನಾವೆಲ್ಲ ನೋಡಿದ್ದೇವೆ. ಡಿಸೆಂಬರಿನಿಂದ ಮೇವರೆಗೆ ಇದರ ಕಾಲ, ಅಂದರೆ ದರಗು (ಒಣ ಎಲೆ) ತರಲು ಕಾಡಿಗೆ ಹೋಗುವ ದಿನಗಳು. ಉಣುಗು ಕಚ್ಚಿ ಬರುತ್ತದೆ. ಜೋರು ಜ್ವರ, ತಲೆನೋವು, ಮೈನೋವು. ಶುರುವಿನಲ್ಲಿ ಕೊರೊನಾಕ್ಕೂ ಇದಕ್ಕೂ ವ್ಯತ್ಯಾಸ ಹೇಳುವುದು ಕಷ್ಟ. ರಿಪೋರ್ಟಿನಲ್ಲಿ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎರಡೂ ಚೆನ್ನಾಗಿ ಇಳಿಯುತ್ತವೆ, ಲಿವರ್ ಸಂಖ್ಯೆ ಏರುತ್ತದೆ. ಕಾಡಿಗೆ ಹೋಗಿದ್ದರೆ, ಹತ್ತಿರದಲ್ಲಿ ಮಂಗ ಸತ್ತಿದ್ದರೆ ಡಾಕ್ಟರು ಕೇಳದಿದ್ದರೂ ನೀವೇ ಹೇಳಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಿಳಿಸಿದರೆ ಅದರ ಪರೀಕ್ಷೆಗೆ ಬೇರೆ ಸ್ಯಾಂಪಲ್ ಕಳಿಸುತ್ತಾರೆ.

ಮಳೆ ಹಿಡಿದ ಮೇಲೆ ಡೆಂಗೆ. ಪ್ಲೇಟ್‌ಲೆಟ್ 1,00,000ಕ್ಕಿಂತ ಕೆಳಗೆ ಹೋಗುವುದು, ಜೊತೆಗೆ ಸಿಬಿಸಿಯಲ್ಲಿ ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಏರುತ್ತಾ ಹೋಗುವುದು ಇದರ ಲಕ್ಷಣ. ಕೊರೊನಾದಲ್ಲಿ ಹೆಮಟೋಕ್ರಿಟ್ ಹಾಗೆ ಏರುವುದಿಲ್ಲ. ಡೆಂಗೆಯಲ್ಲಿ ಜ್ವರ ಬಿಟ್ಟ ದಿನವೇ ಅಪಾಯದ ದಿನ ಆಗಬಹುದು.

ಗದ್ದೆ ನಾಟಿ ಹೊತ್ತಿನಲ್ಲಿ ಇಲಿ ಜ್ವರ. ಬರಿಗಾಲಲ್ಲಿ ಕೆಸರಿಗೆ ಇಳಿದವರಿಗೆ ಮೀನಖಂಡ ಹಿಡಿದರೆ ಸಾಕು, ತಡೆಯಲಾರದ ನೋವು, ಕಣ್ಣು ಕೆಂಪು. ರಿಪೋರ್ಟಿನಲ್ಲಿ ನ್ಯೂಟ್ರೋಫಿಲ್, ಕ್ರಿಯಾಟಿನಿನ್, ಕಾಮಾಲೆ ತೋರಿಸುವ ಬಿಲಿರುಬಿನ್ ಮೇಲೆ, ಪ್ಲೇಟ್‌ಲೆಟ್ ಕೆಳಗೆ. ಇದಕ್ಕೆ ಆಂಟಿಬಯೋಟಿಕ್ ಕೆಲಸ ಮಾಡುತ್ತದೆ, ಬೇಗ ಶುರು ಮಾಡಬೇಕು ಅಷ್ಟೆ. ಕೊರೊನಾ ಪಾಸಿಟಿವ್ ಬಂದಿದೆ ಅಂದಮಾತ್ರಕ್ಕೆ ಇವು ಇಲ್ಲ ಅಂತಲ್ಲ, ಎರಡೂ ಒಟ್ಟಿಗೇ ಬರಬಹುದು. ಯಾವ ಜ್ವರ ಅಂತ ಗೊತ್ತಾಗುವವರೆಗೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ತರಹದ ನೋವಿನ ಮಾತ್ರೆ ನೀವಾಗಿ ಶುರು ಮಾಡಬೇಡಿ. ಹೃದಯಕ್ಕೆ ಅಂತ ಮೊದಲಿನಿಂದ ಆಸ್ಪಿರಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ನಿಲ್ಲಿಸಲೂ ಬೇಡಿ.

ಪ್ಲೇಟ್‌ಲೆಟ್ ಇದ್ದಕ್ಕಿದ್ದಂತೆ 40,000 ಅಂತ ಬಂದು ರೋಗಿ ಆರಾಮಾಗಿದ್ದರೆ ಸ್ಲೈಡ್ ನೋಡಿ ಹೇಳಿ ಅಂತ ಲ್ಯಾಬಿನವರನ್ನು ಕೇಳಿ. ನೇರಳೆ ಟ್ಯೂಬಿನಲ್ಲಿ ಕೆಲವರ ಪ್ಲೇಟ್‌ಲೆಟ್ ಒಂದಕ್ಕೊಂದು ಅಂಟಿಕೊಂಡು ಮಷೀನಿನ ಎಣಿಕೆಗೆ ಸಿಗುವುದಿಲ್ಲ.

ಯಾವಾಗ ಹೊರಡಬೇಕು

ಆಕ್ಸಿಮೀಟರ್ ಹಾಕುವ ಮೊದಲು ಕೈ ಬೆಚ್ಚಗಿರಲಿ. ಜಡಿಮಳೆಯಲ್ಲಿ ತಣ್ಣಗಾದ ಬೆರಳು ಸುಳ್ಳು ಹೇಳುತ್ತದೆ. ಬಚ್ಚಲ ಒಲೆ ಮುಂದೆ ಕೈ ಕಾಯಿಸಿಕೊಂಡು, ಮೆಹಂದಿ, ನೇಲ್ ಪಾಲಿಶ್ ಇಲ್ಲದ, ಅಡಿಕೆ ಚೊಗರು ಹತ್ತದ ಬೆರಳಿಗೆ ಹಾಕಿ, ಒಂದು ನಿಮಿಷ ಅಲ್ಲಾಡಿಸದೆ ಕೂತು ನೋಡಿ. ಆಮೇಲೆ ಜಗಲಿಯಲ್ಲಿ ಆರು ನಿಮಿಷ ನಡೆದು ಮತ್ತೆ ನೋಡಿ. 93ಕ್ಕಿಂತ ಕೆಳಗೆ ಬಂದರೆ, ಮೂರು ಅಂಕಕ್ಕಿಂತ ಜಾಸ್ತಿ ಇಳಿದರೆ, ಅಥವಾ ಏದುಸಿರು ಬಂದರೆ ಅಪಾಯದ ಸೂಚನೆ. ಕೂತಲ್ಲೇ ಏದುಸಿರು ಇರುವವರಿಗೆ ಈ ನಡಿಗೆ ಬೇಡವೇ ಬೇಡ.

ಕೂತಾಗಲೇ ಆಕ್ಸಿಜನ್ 94ಕ್ಕಿಂತ ಕೆಳಗಿದ್ದರೆ, ನಿಮಿಷಕ್ಕೆ 24ಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ, ಎದೆ ಬಿಗಿದರೆ, ಮಾತು ತಡವರಿಸಿದರೆ, ಮಂಕಾಗಿ ಮಲಗಿದ್ದರೆ ರಿಪೋರ್ಟ್ ಬರಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ ಹೊರಡಿ. 90ಕ್ಕಿಂತ ಕೆಳಗಿದ್ದರೆ ಅದು ತೀವ್ರ ಸ್ಥಿತಿ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್, ಆಗುಂಬೆ ಕಡೆಯಿಂದ ಇನ್ನೂ ದೂರ, ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ದಿದ್ದರೆ ಗಂಟೆಗಟ್ಟಲೆ ಹೋಗುತ್ತದೆ. ಆದ್ದರಿಂದ ಪೇಟೆಯವರಿಗಿಂತ ನಾವು ಒಂದು ಹೆಜ್ಜೆ ಮುಂಚೆಯೇ ಹೊರಡಬೇಕು. ಸಂಜೆ ನಾಲ್ಕಕ್ಕೆ 94 ಇದ್ದು ಬೆಳಿಗ್ಗೆ 97 ಇತ್ತು ಅಂದರೆ ಕತ್ತಲಾಗುವ ಮೊದಲೇ ಆಸ್ಪತ್ರೆ ಹತ್ತಿರ ಇರುವ ನೆಂಟರ ಮನೆಗಾದರೂ ಬಂದು ಬೇರೆ ಕೋಣೆಯಲ್ಲಿ ಉಳಿದುಕೊಳ್ಳಿ. ಹೊರಡುವಾಗ ಎಲ್ಲ ರಿಪೋರ್ಟು, ಆ ಲೆಕ್ಕದ ಹಾಳೆ, ದಿನವೂ ನುಂಗುವ ಮಾತ್ರೆಗಳ ಚೀಟಿ ಒಂದೇ ಕವರಿನಲ್ಲಿ ಇರಲಿ.

ವಾಸಿಯಾದ ಮೇಲೆ

ಲಿಂಫೋಸೈಟ್, ಸಿಆರ್‌ಪಿ ಹೆಚ್ಚಿನವರಿಗೆ ಎರಡು ಮೂರು ವಾರದಲ್ಲಿ ಸರಿಯಾಗುತ್ತವೆ. ಡಿ-ಡೈಮರ್ ಇಳಿಯಲು ಇನ್ನೂ ಹೆಚ್ಚು ದಿನ ಬೇಕಾಗಬಹುದು. ಆರಾಮಾಗಿದ್ದರೆ ವಾರಕ್ಕೊಮ್ಮೆ ಅದನ್ನು ಮಾಡಿಸಿ ಚಿಂತೆ ತಂದುಕೊಳ್ಳಬೇಡಿ. ಸುಸ್ತು ತಿಂಗಳುಗಟ್ಟಲೆ ಉಳಿದರೆ ಸಿಬಿಸಿ, ಸಕ್ಕರೆ, ಥೈರಾಯ್ಡ್ ನೋಡಿಸಿ, ಕೊರೊನಾದ ಹೆಸರಿನಲ್ಲಿ ರಕ್ತಹೀನತೆ ಅಡಗಿರಬಹುದು. ಒಂದು ಕಾಲು ಮಾತ್ರ ಊದಿ ನೋಯುತ್ತಿದ್ದರೆ, ಇದ್ದಕ್ಕಿದ್ದಂತೆ ಎದೆ ಚುಚ್ಚಿ ಉಸಿರು ಹಿಡಿದರೆ, ಕೊರೊನಾ ಬಿಟ್ಟು ತಿಂಗಳಾಗಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಿ, ಒಳಗೆ ಹೋದ ತಕ್ಷಣ ಕೊರೊನಾ ಬಂದಿತ್ತು ಅಂತ ಹೇಳಿ.